ಮನೆಯಲ್ಲಿ ಹೆರಿಗೆ: ಮೊದಲೇ ಮಾಡಬೇಕಾದ ಸಿದ್ಧತೆ

ಮಳೆ ಹಿಡಿಯುವ ಮೊದಲೇ ಅಡಿಕೆಗೆ ಕೊಳೆರೋಗದ ಮದ್ದು ಬಿಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದನ ಕರು ಹಾಕುವ ದಿನ ಹತ್ತಿರ ಬಂದರೆ ಹಟ್ಟಿ ಗುಡಿಸಿ ಒಣಹುಲ್ಲು ಹಾಸುತ್ತೇವೆ, ರಾತ್ರಿ ಎರಡು ಸಲ ಎದ್ದು ನೋಡುತ್ತೇವೆ. ಆದರೆ ಮನೆಯ ಮಗಳೋ ಸೊಸೆಯೋ ಹೆರುವ ಹೊತ್ತಿಗೆ ಕೆಲವು ಮನೆಗಳಲ್ಲಿ ಜೀಪಿನವನ ಫೋನ್ ನಂಬರನ್ನೂ ಬರೆದಿಟ್ಟಿರುವುದಿಲ್ಲ.

ನಮ್ಮ ಹಿರಿಯರಲ್ಲಿ ಹೆಚ್ಚಿನವರು ಮನೆಯಲ್ಲೇ ಹುಟ್ಟಿದವರು. ಸೂಲಗಿತ್ತಿಯರ ಕೈಗುಣವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು ಕಾಸು ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಆದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹೆರಿಗೆಯ ಬಳಿಕ ರಕ್ತಸ್ರಾವ ನಿಲ್ಲದಿದ್ದರೆ ಎರಡೇ ಗಂಟೆಗಳಲ್ಲಿ ತಾಯಿಯ ಪ್ರಾಣ ಹೋಗಬಹುದು. ಅದನ್ನು ತಡೆಯುವ ಇಂಜೆಕ್ಷನ್ ಮತ್ತು ರಕ್ತ ಆಸ್ಪತ್ರೆಯಲ್ಲಿವೆ, ಮನೆಯಲ್ಲಿಲ್ಲ. ಆದುದರಿಂದ ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಚೊಚ್ಚಲ ಬಸುರಿ, ಹಿಂದೆ ಸಿಸೇರಿಯನ್ ಆದವರು, ಅವಳಿ ಮಕ್ಕಳಿರುವವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ರಕ್ತಹೀನತೆ ಇರುವವರು ಮನೆಯ ಹೆರಿಗೆಯ ಯೋಚನೆಯನ್ನೇ ಮಾಡಬಾರದು.

ಹಾಗಾದರೆ ಮನೆಯಲ್ಲಿ ಸಿದ್ಧತೆ ಯಾಕೆ? ದಾರಿ ನಮ್ಮ ಕೈಯಲ್ಲಿಲ್ಲ ಎಂಬುದಕ್ಕಾಗಿ. ಜುಲೈ ತಿಂಗಳ ರಾತ್ರಿ ಕಾಲುಸಂಕದ ಮೇಲೆ ನೀರು ಹರಿಯುತ್ತದೆ, ಮರ ಬಿದ್ದು ರಸ್ತೆ ಮುಚ್ಚುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿಗೆ ಹೊರಟ ಗರ್ಭಿಣಿಯೊಬ್ಬಳು ಆಂಬುಲೆನ್ಸಿನಲ್ಲೇ ಹೆತ್ತದ್ದನ್ನು ಕಾಸರಗೋಡಿನ ನಾವು ಮರೆತಿಲ್ಲ. ಎರಡನೆಯ, ಮೂರನೆಯ ಹೆರಿಗೆಯಂತೂ ಕೆಲವೊಮ್ಮೆ ವಾಹನಕ್ಕೆ ಕಾಯುವುದಿಲ್ಲ.

ಬಸುರಿನ ತಿಂಗಳುಗಳಲ್ಲಿ

ಹೆಸರು ನೋಂದಾಯಿಸಿ ಕಡಿಮೆಯೆಂದರೆ ನಾಲ್ಕು ಸಲ ಪರೀಕ್ಷೆ ಮಾಡಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ ತಪ್ಪಬಾರದು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ ಹೊರುವುದು ಬೇಡ. ಕೀಟನಾಶಕ ಸಿಂಪಡಿಸುವಲ್ಲಿ ನಿಲ್ಲುವುದೂ ಆ ಬಟ್ಟೆ ಒಗೆಯುವುದೂ ಬೇಡ. ಎಂಡೋಸಲ್ಫಾನ್ ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂಟು ತಿಂಗಳು ತುಂಬಿದಾಗ ಸಿದ್ಧವಿರಬೇಕಾದದ್ದು

1. 108, ಆಶಾ ಕಾರ್ಯಕರ್ತೆ ಮತ್ತು ಹತ್ತಿರದ ಇಬ್ಬರು ವಾಹನದವರ ನಂಬರುಗಳನ್ನು ಗೋಡೆಗೆ ಅಂಟಿಸಿ. ಜೋರು ಮಳೆಗಾಲವಾದರೆ ದಿನ ಹತ್ತಿರ ಬಂದಾಗ ಬಸುರಿಯನ್ನು ರಸ್ತೆ ಬದಿಯ ನೆಂಟರ ಮನೆಯಲ್ಲಿ ಇರಿಸುವುದು ಇನ್ನೂ ಒಳ್ಳೆಯದು.

2. ಗಾಳಿ ಬೆಳಕಿರುವ ಒಂದು ಕೋಣೆಯನ್ನು ಗುಡಿಸಿ ಒರೆಸಿಡಿ. ಹಟ್ಟಿಗೆ ತಾಗಿದ ಕೋಣೆ ಬೇಡ.

3. ಹೊಸ ಪ್ಲಾಸ್ಟಿಕ್ ಹಾಳೆ, ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿ ಬಟ್ಟೆಗಳು, ಸಾಬೂನು, ಕಾಗದ ಬಿಚ್ಚದ ಹೊಸ ಬ್ಲೇಡು, 20 ನಿಮಿಷ ಕುದಿಸಲು ಗಟ್ಟಿ ದಾರ, ಟಾರ್ಚು. ಇವೆಲ್ಲ ಒಂದೇ ಚೀಲದಲ್ಲಿರಲಿ. ತಾಯಿ ಕಾರ್ಡನ್ನೂ ಅದರಲ್ಲೇ ಇಡಿ.

ನೋವು ಆರಂಭವಾದಾಗ

ಮೊದಲು 108ಕ್ಕೆ ಫೋನ್ ಮಾಡಿ. ಅದು ಬರುವ ತನಕ ಆಕೆಯನ್ನು ಮಲಗಿಸಿಯೇ ಇಡಬೇಕೆಂದಿಲ್ಲ. ನಡೆಯಲಿ, ಕುಳಿತುಕೊಳ್ಳಲಿ, ಗೋಡೆಗೋ ಒಬ್ಬರ ಹೆಗಲಿಗೋ ಒರಗಿ ನಿಲ್ಲಲಿ. ಮಲಗುವುದಾದರೆ ಎಡಮಗ್ಗುಲು ಒಳ್ಳೆಯದು. ಸೊಂಟಕ್ಕೆ ಬಿಸಿನೀರಿನ ಬಟ್ಟೆ ಒತ್ತಿದರೆ ಹಿತವಾಗುತ್ತದೆ. ಗಂಜಿತಿಳಿ, ಬೊಂಡದ ನೀರು ಗುಟುಕು ಗುಟುಕಾಗಿ ಕೊಡಿ. ಆಗಾಗ ಮೂತ್ರಕ್ಕೆ ಕಳುಹಿಸಿ. ಆಕೆಗೆ ಬೇಕಾದ ಒಬ್ಬ ಹೆಂಗಸು ಪಕ್ಕದಲ್ಲೇ ಇರಲಿ. ಕೋಣೆ ತುಂಬ ಜನ ಬೇಡ. ತಾನಾಗಿ ಮುಕ್ಕುವಂತಾಗುವ ಮೊದಲು “ಮುಕ್ಕು, ಮುಕ್ಕು” ಎಂದು ಅವಸರಪಡಿಸಬಾರದು. ಹೊಟ್ಟೆ ಒತ್ತುವುದು, ನೋವು ಹೆಚ್ಚಿಸುವ ಇಂಜೆಕ್ಷನ್ ಹಾಕಿಸುವುದು ಎರಡೂ ಅಪಾಯ. ಗರ್ಭಕೋಶವೇ ಹರಿಯಬಹುದು.

ಮಗು ಬಂದೇಬಿಟ್ಟರೆ

ಕೈಯನ್ನು ಮೊಣಕೈವರೆಗೆ ಸಾಬೂನು ಹಾಕಿ ತೊಳೆದಿರಬೇಕು. ಮಗುವನ್ನು ಕೂಡಲೇ ಒಣ ಬಟ್ಟೆಯಿಂದ ಒರೆಸಿ, ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಿ. ಮೊದಲ ಹಳದಿ ಹಾಲನ್ನು ಗಂಟೆಯೊಳಗೆ ಕುಡಿಸಿ. ಮಗು ಹಾಲು ಚೀಪಿದರೆ ತಾಯಿಯ ಗರ್ಭಕೋಶವೂ ಬಿಗಿಯುತ್ತದೆ. ಮೊದಲ ದಿನ ಸ್ನಾನ ಬೇಡ.

ಹೊಕ್ಕುಳಬಳ್ಳಿ ಕತ್ತರಿಸಲು ಅವಸರವಿಲ್ಲ. ವಾಹನ ಬರುವುದಿದ್ದರೆ ಕತ್ತರಿಸದೆ, ತಾಯಿ ಮಗು ಒಟ್ಟಿಗೆ ಹಾಗೆಯೇ ಹೊರಡಬಹುದು. ಕತ್ತರಿಸಲೇಬೇಕಾದರೆ ಬಳ್ಳಿಯ ಮಿಡಿತ ನಿಂತ ಮೇಲೆ ಕುದಿಸಿದ ದಾರದಿಂದ ಎರಡು ಕಡೆ ಬಿಗಿಯಾಗಿ ಕಟ್ಟಿ, ನಡುವೆ ಹೊಸ ಬ್ಲೇಡಿನಿಂದ ಕತ್ತರಿಸಿ. ಕತ್ತಿ, ಕುಡುಗೋಲು ಮುಟ್ಟಲೇಬೇಡಿ. ಬೂದಿ, ಅರಸಿನ, ಎಣ್ಣೆ, ಸೆಗಣಿ ಏನನ್ನೂ ಹಚ್ಚಬೇಡಿ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೂ ಸೆಗಣಿಯಲ್ಲಿಯೂ ಇರುತ್ತದೆ. ಹಿಂದೆ ಹುಟ್ಟಿ ವಾರದಲ್ಲೇ ಬಾಯಿ ಬಿಗಿದು, ಮೈ ಸೆಟೆದು ತೀರಿಹೋದ ಕೂಸುಗಳೆಷ್ಟೋ. ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆಯಿಂದಲೇ 2015ರಲ್ಲಿ ನಮ್ಮ ದೇಶ ಆ ಪಿಡುಗನ್ನು ಹಿಮ್ಮೆಟ್ಟಿಸಿತು.

ಮಾಸು ಬೀಳಲು ಬಳ್ಳಿಯನ್ನು ಎಳೆಯಬೇಡಿ. ಬಿದ್ದ ಮಾಸನ್ನು ಶುಚಿಯಾದ ಬಟ್ಟೆಯಲ್ಲಿ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ತಾಯಿಯ ಹೊಕ್ಕುಳಿನ ಕೆಳಗೆ ಕೈಯಾಡಿಸಿ, ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗುವ ತನಕ ತಿಕ್ಕಬೇಕು.

ಕ್ಷಣವೂ ಕಾಯಬಾರದ ಲಕ್ಷಣಗಳು

ಹೆರಿಗೆಗೆ ಮೊದಲು ರಕ್ತ ಹೋಗುವುದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಸೆಳವು. ಮಗುವಿನ ಚಲನೆ ಕಡಿಮೆಯಾಗುವುದು. ನೀರು ಹಸಿರಾಗಿರುವುದು. ಬಳ್ಳಿ ಅಥವಾ ಕೈ ಮೊದಲು ಕಾಣುವುದು. ಅರ್ಧ ಗಂಟೆಯಾದರೂ ಮಾಸು ಬೀಳದಿರುವುದು. ಮಡಚಿದ ಬಟ್ಟೆ ಐದು ನಿಮಿಷದೊಳಗೆ ನೆನೆಯುವಷ್ಟು ರಕ್ತಸ್ರಾವ. ಮಗು ಅಳದಿರುವುದು, ಹಾಲು ಕುಡಿಯದಿರುವುದು. ಎಲ್ಲವೂ ಸುಸೂತ್ರವಾಗಿ ಕಂಡರೂ ತಾಯಿ ಮಗು ಇಬ್ಬರನ್ನೂ ಅದೇ ದಿನ ಆಸ್ಪತ್ರೆಗೆ ತೋರಿಸಬೇಕು.

ಖರ್ಚಿನ ಹೆದರಿಕೆಯಿಂದ ತಡಮಾಡುವವರು ಇದನ್ನು ತಿಳಿದಿರಲಿ: 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ.

ಮನೆಯ ಗಂಡಸರೇ, ಇದು ಹೆಂಗಸರ ವಿಷಯವೆಂದು ಈ ಪುಟ ಮಗುಚಬೇಡಿ. ರಾತ್ರಿ ಎರಡು ಗಂಟೆಗೆ ವಾಹನ ತರಬೇಕಾದವರು ನೀವು. ಬಸುರಿ ಇರುವ ಮನೆ ನಿಮ್ಮ ವಾರ್ಡಿನಲ್ಲಿದ್ದರೆ ಬರುವ ಆದಿತ್ಯವಾರ ಪೂಜೆ ಮುಗಿದ ಮೇಲೆ ಒಮ್ಮೆ ವಿಚಾರಿಸಿ: “ಚೀಲ ಕಟ್ಟಿಟ್ಟಾಯಿತೇ? ವಾಹನಕ್ಕೆ ಯಾರಿಗೆ ಹೇಳಿದ್ದೀರಿ?” ನಮ್ಮ ಅಂತಹ ಒಂದು ಮಾತು ಎರಡು ಜೀವ ಉಳಿಸಬಹುದು.