ಕಾಯಿಲ್ ಸರಿಯಿತ್ತು, ತಂತಿ ತಪ್ಪಿತ್ತು!

ರಾಯದುರ್ಗ: ಹಳೇ ಬಾಗಿಲ ಚೌಕಟ್ಟಿನ ತೇಗದ ತುಂಡು, ಆರು ಚಿಕ್ಕ ಅಯಸ್ಕಾಂತ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ಇಷ್ಟೇ ಬಂಡವಾಳ. ಡಿಗ್ರಿ ಓದುವ ನನ್ನ ಅಕ್ಕನ ಮಗ ಮನೆಯಲ್ಲೇ ಗಿಟಾರ್ ಮಾಡಿಬಿಟ್ಟ. ಜೀನ್ಸ್ ಹೊಲಿಯುವ ಊರಲ್ಲಿ ಹೊಲಿಗೆ ಮಷಿನ್ನಿಗೆ ಬರವೇ? ಬಾಬಿನ್ ಸುತ್ತುವ ಚಕ್ರಕ್ಕೇ ಕಾಯಿಲ್ ಕಟ್ಟಿ, ನಾಲ್ಕು ಸಲ ತಂತಿ ಕಡಿದರೂ ಬಿಡದೆ, ಅಂದಾಜು ಏಳು ಸಾವಿರ ಸುತ್ತು ಸುತ್ತಿದ್ದಾನೆ. ಈ ಕಾಯಿಲನ್ನೇ ಪಿಕಪ್ ಅನ್ನುವುದು.

ಗಣಪತಿ ಪೆಂಡಾಲಿನಲ್ಲಿ ಬಾರಿಸುವುದೆಂದು ಗೆಳೆಯರಿಗೆ ಮಾತು ಕೊಟ್ಟಾಗಿತ್ತು. ಆದರೆ ಆಂಪ್ಲಿಫಯರಿಗೆ ಹಚ್ಚಿದ ದಿನ ಕೆಳಗಿನ ಎರಡು ತಂತಿ ಕಿರುಚಿದವು, ಮೇಲಿನ ನಾಲ್ಕು ಗೊಣಗಿದವು.

‘ಮಾಮಾ, ಕಾಯಿಲ್ ಹೋಗೈತೆ. ಬಿಚ್ಚಿ ಮತ್ತೆ ಸುತ್ತಬೇಕು’ ಅಂತ ಕೂತ. ಹಬ್ಬಕ್ಕೆ ಉಳಿದದ್ದು ಹತ್ತೇ ದಿನ.

ಬಿಚ್ಚೋ ಮೊದಲು ತೋರಿಸೋಣ ಅಂತ ಬೋರ್‌ವೆಲ್ ಮೋಟರ್ ಕಟ್ಟುವ ಮೇಸ್ತ್ರಿ ಹತ್ತಿರ ಒಯ್ದೆವು. ಅವರು ಮೀಟರ್ ಹಿಡಿದು, ‘ಆರು ಸಾವಿರ ಓಮ್ ತೋರಿಸ್ತೈತೆ. ಕಾಯಿಲ್ ಗಟ್ಟಿಯಾಗೈತೆ, ಮುಟ್ಟಬ್ಯಾಡ್ರಿ’ ಅಂದರು. ಹಾಗಾದರೆ ತಪ್ಪು ಎಲ್ಲಿ?

ತಂತಿಯಲ್ಲಿ.

ಅವನು ಮೊದಲು ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ವೈರ್ ಹಾಕಿ ನೋಡಿದ್ದ. ಅದು ಮೆತ್ತಗಿನ ಕಬ್ಬಿಣ, ಬಿಗಿದಷ್ಟೂ ಎಳೆದುಕೊಂಡು ಹೋಯಿತು. ಸೈಕಲ್ ಬ್ರೇಕ್ ವೈರಿನ ಎಳೆಯೂ ಶ್ರುತಿಗೆ ನಿಲ್ಲಲಿಲ್ಲ. ಕೊನೆಗೆ ಬಳ್ಳಾರಿಗೆ ಹೋಗಿ ‘ಗಿಟಾರ್ ತಂತಿ ಕೊಡಿ’ ಅಂದ. ಅಂಗಡಿಯವರು ಕೊಟ್ಟಿದ್ದು ಗಿಟಾರ್ ತಂತಿಯೇ, ಆದರೆ ಪೊಳ್ಳು ಡಬ್ಬಿಯ ಸಾದಾ ಗಿಟಾರಿನದು. ಇವನು ಬಿಡಿಸಿ ಹೇಳಲಿಲ್ಲ, ಅವರು ಕೇಳಲಿಲ್ಲ. ಭಾನುವಾರದ ಹೊಲಿಗೆ ಕೂಲಿಯಲ್ಲಿ ಉಳಿಸಿದ ದುಡ್ಡು ಹೋಯಿತು.

ಬಣ್ಣ ನೋಡಿ, ಆಮೇಲೆ ಅಯಸ್ಕಾಂತ

ಕನ್ನಡದಲ್ಲಿ ಬೇಲಿಯದೂ ತಂತಿ, ವೀಣೆಯದೂ ತಂತಿ, ಹಿಂದೆ ಅಂಚೆಯಣ್ಣ ತರುತ್ತಿದ್ದುದೂ ತಂತಿ. ನಮ್ಮ ಮನೆಯ ಮರಾಠಿಯಲ್ಲೂ ಎಲ್ಲಕ್ಕೂ ‘ತಾರ’ ಒಂದೇ ಮಾತು. ಪಿಕಪ್ ಮಾತ್ರ ಅಷ್ಟು ಉದಾರಿಯಲ್ಲ, ಅದಕ್ಕೆ ಗೊತ್ತಿರುವುದು ಕಬ್ಬಿಣ ಒಂದೇ. ಅಯಸ್ಕಾಂತದ ಮುಂದೆ ಉಕ್ಕಿನ ತಂತಿ ಅದುರಿದಾಗ ಅದರ ಸೆಳೆತ ಏರಿಳಿಯುತ್ತದೆ, ಕಾಯಿಲ್‌ನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಸೂತ್ರವಿದು. ಅಮೆರಿಕದ ಜಾರ್ಜ್ ಬೋಶಾಂಪ್ ಇದನ್ನು ಗಿಟಾರಿಗೆ ಹೊಂದಿಸಿದರು, 1932ರಲ್ಲಿ ರಿಕನ್‌ಬ್ಯಾಕರ್ ಜೊತೆ ಆ ಗಿಟಾರ್ ಮಾರುಕಟ್ಟೆಗೂ ಬಂತು.

ಸಾದಾ ಗಿಟಾರಿನ ಸೆಟ್ಟಿನಲ್ಲಿ ತೆಳುವಾದ ಎರಡು ತಂತಿ ಮಾತ್ರ ಬರೀ ಉಕ್ಕು. ಉಳಿದ ನಾಲ್ಕಕ್ಕೆ ಉಕ್ಕಿನ ಎಳೆಯ ಮೇಲೆ ಕಂಚು ಸುತ್ತಿರುತ್ತಾರೆ. ಕಂಚೆಂದರೆ ಬಹುಪಾಲು ತಾಮ್ರ, ಪಿಕಪ್ಪಿಗೆ ಅದು ಇದ್ದೂ ಇಲ್ಲದಂತೆ. ಕಣ್ಣಿಗೆ ದಪ್ಪ ತಂತಿ, ಕಾಯಿಲ್‌ಗೆ ಮಾತ್ರ ಒಳಗಿನ ತೆಳ್ಳನೆಯ ಎಳೆ. ಗೊಣಗಿದ್ದು ಅದಕ್ಕೇ.

ಇಲ್ಲಿ ಒಂದು ಮೋಸವಿದೆ. ಕಂಚು ಸುತ್ತಿದ ತಂತಿಯೂ ಒಳಗಿನ ಉಕ್ಕಿನಿಂದಾಗಿ ಅಯಸ್ಕಾಂತಕ್ಕೆ ಅಂಟುತ್ತದೆ! ಅಂಟಿತು ಅಂತ ಕೊಂಡರೆ ಕೆಟ್ಟಿರಿ. ಮೊದಲು ಬಣ್ಣ ನೋಡಿ. ದಪ್ಪ ತಂತಿ ಹಳದಿಯೋ ಕೆಂಪೋ ಹೊಳೆದರೆ ಬೇಡ, ಬೆಳ್ಳಗಿರಬೇಕು. ಹಾಗಂತ ಬೆಳ್ಳಗಿರುವುದೆಲ್ಲ ಉಕ್ಕಲ್ಲ: ನೈಲಾನ್ ಸೆಟ್ಟಿನ ದಪ್ಪ ತಂತಿಯೂ ಬೆಳ್ಳಗೇ ಇರುತ್ತದೆ, ಅದು ಅಂಟುವುದೇ ಇಲ್ಲ. ಬೆಳ್ಳಗೂ ಇರಬೇಕು, ಅಂಟಲೂ ಬೇಕು. ಪೊಟ್ಟಣದ ಮೇಲೆ ‘ಇಲೆಕ್ಟ್ರಿಕ್’, ‘ನಿಕ್ಕಲ್’ ಅಂತ ಇದ್ದರೆ ಸರಿ. ತಂಬೂರಿಯ ಹಿತ್ತಾಳೆ ತಂತಿಗೂ ಈ ಪಿಕಪ್ ಆಗಿಬರುವುದಿಲ್ಲ. ಭಜನೆಯ ಬುಲ್‌ಬುಲ್ ತರಂಗದ್ದು ಉಕ್ಕು, ಅದಕ್ಕೆ ಧಾರಾಳವಾಗಿ ಹಾಕಬಹುದು. ಪಾಲಕೊಲ್ಲುವಿನ ಯು. ಶ್ರೀನಿವಾಸ್ (1969-2014) ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡದ್ದೂ ಇಲೆಕ್ಟ್ರಿಕ್ ಮ್ಯಾಂಡೊಲಿನ್ನನ್ನೇ.

ಕತ್ತಿಗೆ ಬಂದ ಭಾರ

ಇನ್ನೊಂದು ಎಡವಟ್ಟು ಆಗಲೇ ಶುರುವಾಗಿತ್ತು. ವಾರದೊಳಗೆ ಗಿಟಾರಿನ ಕತ್ತು ಬಿಲ್ಲಿನಂತೆ ಬಾಗಿ, ನಡುವೆ ತಂತಿ ಎತ್ತರವಾಗಿತ್ತು. ಅಂಗಡಿ ಗಿಟಾರಿನ ಕತ್ತಿನೊಳಗೆ ಕಬ್ಬಿಣದ ಸರಳಿರುತ್ತದೆ. ನಮ್ಮ ಬಾಗಿಲ ತೇಗದಲ್ಲಿ ಅದೆಲ್ಲಿ?

ನಾನು ಬಿ.ಕಾಂ., ಸಂಗೀತ ಬರದಿದ್ದರೂ ಲೆಕ್ಕ ಬರುತ್ತದೆ. ಇಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಉದ್ದ ಸಾಮಾನ್ಯವಾಗಿ 25.5 ಇಂಚು. ಆ ಉದ್ದಕ್ಕೆ 12-53 ಸೆಟ್ ಸುಮಾರು 73 ಕಿಲೋ ಎಳೆಯುತ್ತದೆ, 10-46 ಆದರೆ 47 ಕಿಲೋ, 9-42 ಆದರೆ 38 ಕಿಲೋ. (ಈ ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ, ಮೊದಲನೆಯದು ಅತಿ ತೆಳುವಿನದು, ಎರಡನೆಯದು ಅತಿ ದಪ್ಪದ್ದು.) ಹುಡುಗನ ಗಿಟಾರಿನಲ್ಲಿ ತಂತಿಯ ಉದ್ದ 23 ಇಂಚು. ಉದ್ದ ಕಡಿಮೆಯಾದರೆ ಅದೇ ಶ್ರುತಿಗೆ ಎಳೆತವೂ ಕಡಿಮೆ. ಇಲ್ಲಿ ಐದರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ. ಆದರೂ ಅವನು ಹಾಕಿದ್ದ 12ರ ಸೆಟ್ ಸುಮಾರು 60 ಕಿಲೋ ಜಗ್ಗುತ್ತಿತ್ತು. ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ!

9ರ ಸೆಟ್ ತೀರಾ ಸಡಿಲವಾಗಿ ಕಟಕಟ ಅಂದೀತು. 10-46 ಹಾಕಿದರೆ 23 ಇಂಚಿಗೆ 38 ಕಿಲೋ, ಅಂದರೆ ದೊಡ್ಡ ಗಿಟಾರಿನ 9ರಷ್ಟೇ ಭಾರ. ಅದನ್ನೇ ತಂದೆವು. ಕತ್ತು ಪೂರ್ತಿ ನೇರವಾಗಲಿಲ್ಲ, ಬಾರಿಸುವಷ್ಟಾಯಿತು. ಆರೂ ತಂತಿ ಹೆಚ್ಚುಕಮ್ಮಿ ಒಂದೇ ಗಂಟಲಲ್ಲಿ ನುಡಿದವು. ತೆಳು ತಂತಿ ಇನ್ನೂ ತುಸು ಜೋರಿದ್ದವು. ಆ ಕಡೆ ಪಿಕಪ್ ಸ್ವಲ್ಪ ಇಳಿಸಿದ, ಸರಿಹೋಯಿತು.

ಒಂದು ಮಾತು ಮನೆಯವರಿಗೆ. ಗುಂಯ್ ಅನ್ನುವ ಸದ್ದು ತಗ್ಗಲಿ ಅಂತ ತಂತಿಗಳನ್ನು ಆಂಪ್ಲಿಫಯರಿನ ಗ್ರೌಂಡಿಗೆ ಜೋಡಿಸುತ್ತಾರೆ. ಅರ್ಥಿಂಗ್ ಇಲ್ಲದ ಕಡೆ ಆಂಪ್ಲಿಫಯರ್ ಕೆಟ್ಟರೆ ಕರೆಂಟ್ ತಂತಿಗೇ ಬರಬಹುದು. ತಂತಿ ಹಿಡಿದು ಮೈಕ್ ಮುಟ್ಟುವುದಂತೂ ಇನ್ನೂ ಅಪಾಯ. 1972ರಲ್ಲಿ ಬ್ರಿಟನ್ನಿನ ಸ್ವಾನ್‌ಸೀಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟರು. ಪೆಂಡಾಲಿನ ಲೈನ್ ಟೆಸ್ಟರಿನಲ್ಲಿ ನೋಡಿ, ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಹಾಕಿಸಿದ ಮೇಲೇ ನಾವು ಇವನನ್ನು ಹತ್ತಿಸಿದ್ದು.

ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ, ಮಡಕಶಿರಾ ಕಡೆಯವರು ಹಿಂದೂಪುರ, ತುಮಕೂರಿಗೆ ಹೋಗುತ್ತಾರೆ. ಎಲ್ಲಿಗೆ ಹೋದರೂ ತಂತಿಯ ಉದ್ದ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಜೇಬಲ್ಲಿ ಒಂದು ಅಯಸ್ಕಾಂತ ಇರಲಿ. ಬಿಚ್ಚಿದ ಕಂಚಿನ ಸೆಟ್ಟನ್ನು ಎಸೆಯಬೇಡಿ. ಸಾದಾ ಗಿಟಾರ್ ಇರುವ ಗೆಳೆಯನೊಬ್ಬ ಅದನ್ನು ಅರ್ಧ ಬೆಲೆಗೆ ಇವನಿಂದ ಒಯ್ದ.