ರೈಲು ಹೋಯ್ತು, ಸಿಟ್ಟು ಯಾಕೆ ಉಳೀತು?

ಇವತ್ತಿನ ಸಂಚಿಕೆ ಶುರುವಾಗೋದು ಒಂದು ರೈಲ್ವೆ ಪ್ಲಾಟ್‌ಫಾರ್ಮಿನಿಂದ.

ನಮ್ಮ ತಂಡದಲ್ಲಿ ಒಬ್ಬರು ಇರೋದು ಇಂಗ್ಲೆಂಡಿನ ಬರ್ಚ್‌ವುಡ್‌ನಲ್ಲಿ. ವಾರಿಂಗ್ಟನ್‌ಗೆ ಸೇರಿದ ಈ ಊರು ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ನಡುವಿನ ರೈಲು ದಾರಿಯಲ್ಲಿ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಮದ್ದುಗುಂಡು ತುಂಬುವ ದೊಡ್ಡ ಕಾರ್ಖಾನೆ ಇತ್ತು. 1968ರಲ್ಲಿ ವಾರಿಂಗ್ಟನ್ ಅನ್ನು ‘ಹೊಸ ಪಟ್ಟಣ’ ಎಂದು ಘೋಷಿಸಿದ ಮೇಲೆ ಆ ಜಾಗದಲ್ಲಿ ಮನೆಗಳು, ಅಂಗಡಿಗಳು, ಆಫೀಸುಗಳು ಬಂದವು. ಹೆಸರಿಗೆ ತಕ್ಕ ಹಾಗೆ ಬರ್ಚ್ ಮರಗಳೂ ಇವೆ. ನಮ್ಮ ಹಿಂದಿನವರು ಬರೆಯೋಕೆ ಬಳಸ್ತಿದ್ದ ಭೂರ್ಜಪತ್ರ ಗೊತ್ತಲ್ಲ, ಆ ‘ಭೂರ್ಜ’ ಮತ್ತು ಈ ‘ಬರ್ಚ್’ ಒಂದೇ ಮೂಲದಿಂದ ಬಂದ ಪದಗಳು.

ಶರತ್ಕಾಲದಲ್ಲಿ ಈ ಕಡೆಯ ಮರಗಳೆಲ್ಲ ಎಲೆ ಉದುರಿಸುತ್ತವೆ. ಹಳಿಯ ಮೇಲೆ ಬಿದ್ದ ಎಲೆಗಳು ಮಳೆಯಲ್ಲಿ ನೆಂದು, ಗಾಲಿಗಳ ಭಾರಕ್ಕೆ ಅರೆದುಹೋಗಿ, ಜಾರುವ ಪದರವಾಗಿ ಅಂಟಿಕೊಳ್ಳುತ್ತವೆ. ಗಾಲಿಗೆ ಹಿಡಿತ ಸಿಗಲ್ಲ. ರೈಲು ನಿಧಾನಕ್ಕೆ ಹೊರಡಬೇಕು, ನಿಧಾನಕ್ಕೆ ಬ್ರೇಕ್ ಹಾಕಬೇಕು. ಎಲೆಯಿಂದ ರೈಲು ತಡ ಅಂದ್ರೆ ಊರಿಂದ ಬಂದ ನೆಂಟರು ನಗ್ತಾರೆ. ಆದರೆ ವಿಷಯ ನಿಜ.

ಅಂಥದೊಂದು ಅಕ್ಟೋಬರ್ ಬೆಳಿಗ್ಗೆ ನಮ್ಮ ಗೆಳತಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಒಂಬತ್ತೂವರೆಗೆ ಮ್ಯಾಂಚೆಸ್ಟರ್‌ನಲ್ಲಿ ಮೀಟಿಂಗ್. ಬೋರ್ಡಿನಲ್ಲಿ ‘ತಡ’ ಅಂತ ಇತ್ತು, ಅಷ್ಟೇ. ಎಷ್ಟು ನಿಮಿಷ ಅಂತ ಇಲ್ಲ. ಕೊನೆಗೆ ಇಪ್ಪತ್ತನಾಲ್ಕು ನಿಮಿಷ ತಡವಾಗಿ ರೈಲು ಬಂತು. ಆಫೀಸು ಮುಟ್ಟಿದಾಗ ಮೀಟಿಂಗೂ ಆಗಷ್ಟೇ ಶುರುವಾಗಿತ್ತು. ಅಲ್ಲಿಗೆ ಕಥೆ ಮುಗೀಬೇಕಿತ್ತು.

ಸಂಜೆ ಮನೆಯಲ್ಲಿ ಮಗಳ ಕೈ ತಾಗಿ ನೀರಿನ ಲೋಟ ಹೋಂವರ್ಕ್ ಮೇಲೆ ಬಿತ್ತು. “ಇಷ್ಟು ದೊಡ್ಡವಳಾಗಿದ್ದೀಯ, ನೋಡ್ಕೊಂಡು ಇಡೋಕೆ ಆಗಲ್ವಾ?” ಅಂತ ಗೆಳತಿ ಕೂಗಿದರು. ಹುಡುಗಿ ಅಳಲಿಲ್ಲ. ಬಟ್ಟೆ ತಂದು ಒರೆಸುತ್ತಾ ಕೇಳಿದಳು: “ಅಮ್ಮಾ, ಇವತ್ತೂ ರೈಲು ಲೇಟಾ?”

ಆ ‘ಇವತ್ತೂ’ ಅನ್ನೋ ಪದ ಅವರಿಗೆ ನಾಟಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಇಲ್ಲಿ ಹಳಿ ಮೇಲಿನ ಕೋಪ ಮಗಳ ಮೇಲೆ. ಹತ್ತು ಗಂಟೆ ಹಿಂದೆ ಮುಗಿದ ಘಟನೆಯ ಸಿಟ್ಟು ಅಲ್ಲೀವರೆಗೆ ಹೇಗೆ ಉಳೀತು? ಇದೇ ಇವತ್ತಿನ ನಮ್ಮ ಪ್ರಶ್ನೆ.

ಮೊದಲು ದೇಹದ ಕಡೆಗೆ ಹೋಗೋಣ. ಅಪಾಯ ಎದುರಾದಾಗ ದೇಹ ಹೋರಾಡೋಕೆ ಅಥವಾ ಓಡೋಕೆ ಸಿದ್ಧವಾಗುತ್ತದೆ ಎನ್ನುವುದನ್ನು ವಿವರಿಸಿದವರು ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್. ಈ ಬಗ್ಗೆ ಅವರ ಪುಸ್ತಕ ಬಂದಿದ್ದು 1915ರಲ್ಲಿ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರೀನಲ್ ಗ್ರಂಥಿಗಳು ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಾಲಿನ್ ಬಿಡುತ್ತವೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಆಮೇಲೆ ನಿಧಾನವಾಗಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಅದು ತುದಿ ಮುಟ್ಟೋದು ಸುಮಾರು ಇಪ್ಪತ್ತು ಮೂವತ್ತು ನಿಮಿಷಗಳ ನಂತರ. ಅಂದ್ರೆ, ರೈಲು ಹತ್ತಿ ಸೀಟಿನಲ್ಲಿ ಕೂತ ಮೇಲೂ ದೇಹ ಇನ್ನೂ ಪ್ಲಾಟ್‌ಫಾರ್ಮಿನಲ್ಲೇ ನಿಂತಿರುತ್ತದೆ. “ಎಲ್ಲ ಸರಿಹೋಯ್ತಲ್ಲ, ಸುಮ್ನಿರು” ಅಂತ ಯಾರಾದ್ರೂ ಅಂದಾಗ ತಕ್ಷಣ ಸುಮ್ಮನಾಗೋಕೆ ಆಗದಿರುವುದು ನಮ್ಮ ದೌರ್ಬಲ್ಯ ಅಲ್ಲ. ರಕ್ತದಲ್ಲಿ ಇರೋದು ಕರಗೋಕೆ ಸಮಯ ಬೇಕು.

ಆದರೆ ಬೆಳಿಗ್ಗೆ ಏರಿದ ಕಾರ್ಟಿಸಾಲ್ ಸಂಜೆವರೆಗೆ ಉಳಿಯೋದಿಲ್ಲ. ಬಿಟ್ಟರೆ ಒಂದೆರಡು ಗಂಟೆಗಳಲ್ಲಿ ಇಳಿಯುತ್ತದೆ. ಅದನ್ನು ಮತ್ತೆ ಮತ್ತೆ ಏರಿಸೋದು ನಾವೇ, ಆ ಘಟನೆಯನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾ. ಜೀಬ್ರಾ ಸಿಂಹದಿಂದ ತಪ್ಪಿಸಿಕೊಂಡ ಮೇಲೆ ಹುಲ್ಲು ಮೇಯುತ್ತದೆ. ನಾವು ಆಫೀಸಿನ ಗೆಳೆಯನಿಗೆ ಒಂದ್ಸಲ, ಊಟದ ಹೊತ್ತಿಗೆ ಇನ್ನೊಂದ್ಸಲ, ವಾಟ್ಸಾಪ್ ಗುಂಪಿನಲ್ಲಿ ಮತ್ತೊಂದ್ಸಲ ಅದೇ ಕಥೆ ಹೇಳ್ತೀವಿ. ದೇಹಕ್ಕೆ ನೆನಪು ಮತ್ತು ನಿಜದ ವ್ಯತ್ಯಾಸ ಅಷ್ಟು ಚೆನ್ನಾಗಿ ಗೊತ್ತಾಗಲ್ಲ. ಪ್ರತಿ ಸಲವೂ ಸ್ವಲ್ಪ ಸಿದ್ಧವಾಗುತ್ತದೆ.

ಇಂಥ ಸಣ್ಣ ಕಿರಿಕಿರಿಗಳನ್ನು ವಿಜ್ಞಾನ ಯಾವಾಗ ಗಂಭೀರವಾಗಿ ತಗೊಂಡಿತು? ಮೊದಮೊದಲು ಎಲ್ಲರೂ ದೊಡ್ಡ ಪೆಟ್ಟುಗಳನ್ನೇ ಅಳೆಯುತ್ತಿದ್ದರು. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ವೈದ್ಯರು 43 ಜೀವನ ಘಟನೆಗಳ ಪಟ್ಟಿ ಮಾಡಿದರು. ಗಂಡ ಅಥವಾ ಹೆಂಡತಿಯ ಸಾವಿಗೆ 100 ಅಂಕ, ಉಳಿದವಕ್ಕೆ ಅದಕ್ಕಿಂತ ಕಡಿಮೆ. 1981ರಲ್ಲಿ ರಿಚರ್ಡ್ ಲಜಾರಸ್ ಮತ್ತು ಸಹೋದ್ಯೋಗಿಗಳು ಬೇರೆ ಪಟ್ಟಿ ತಂದರು. ವಸ್ತು ಎಲ್ಲಿಟ್ಟೆ ಅಂತ ಮರೆಯುವುದು, ಬೆಲೆ ಏರಿಕೆ, ಮಾಡೋಕೆ ಕೆಲಸ ವಿಪರೀತ ಇರುವುದು, ಹೀಗೆ 117 ದಿನನಿತ್ಯದ ತೊಂದರೆಗಳು. ಕ್ಯಾಲಿಫೋರ್ನಿಯಾದ 100 ಜನ ಮಧ್ಯವಯಸ್ಕರನ್ನು ತಿಂಗಳುಗಟ್ಟಲೆ ಕೇಳಿದಾಗ, ಅವರ ಮಾನಸಿಕ ತೊಂದರೆಯ ಲಕ್ಷಣಗಳನ್ನು ದೊಡ್ಡ ಘಟನೆಗಳ ಪಟ್ಟಿಗಿಂತ ಈ ಸಣ್ಣ ತೊಂದರೆಗಳ ಪಟ್ಟಿಯೇ ಚೆನ್ನಾಗಿ ಮುನ್ಸೂಚಿಸಿತು.

ಹಾಗಾದ್ರೆ ದಿನಾ ಕಿರಿಕಿರಿ ಇದ್ದವರೆಲ್ಲ ಕೆಟ್ಟರು ಅಂತನಾ? ಇಲ್ಲ. 2018ರಲ್ಲಿ ಕೇಟ್ ಲೀಗರ್, ಸೂಸನ್ ಚಾರ್ಲ್ಸ್ ಮತ್ತು ಡೇವಿಡ್ ಅಲ್ಮೈಡಾ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 1,100ಕ್ಕೂ ಹೆಚ್ಚು ಜನರ ಮಾಹಿತಿ ಇತ್ತು. ಅವರಿಗೆ ಎಂಟು ದಿನ, ದಿನಾ ಫೋನ್ ಮಾಡಿ ಇವತ್ತು ಏನಾಯ್ತು, ಮನಸ್ಸು ಹೇಗಿದೆ ಅಂತ ಕೇಳಲಾಗಿತ್ತು. ಸುಮಾರು ಹತ್ತು ವರ್ಷಗಳ ನಂತರ ಅವರ ಆರೋಗ್ಯ ನೋಡಿದರು. ಇಂದಿನ ಕಿರಿಕಿರಿಯ ಬೇಸರ ನಾಳೆಗೂ ಉಳಿಯುತ್ತಿದ್ದವರಲ್ಲಿ ದೀರ್ಘಕಾಲದ ಕಾಯಿಲೆಗಳು ಹೆಚ್ಚಿದ್ದವು, ದಿನದ ಕೆಲಸ ಮಾಡಿಕೊಳ್ಳೋಕೂ ಹೆಚ್ಚು ಕಷ್ಟವಿತ್ತು. ತೊಂದರೆ ಬಂದ ದಿನವೇ ಎಷ್ಟು ಸಿಟ್ಟಾದರು ಎನ್ನುವುದನ್ನು ಲೆಕ್ಕಕ್ಕೆ ತಗೊಂಡ ಮೇಲೂ ಈ ಸಂಬಂಧ ಉಳಿಯಿತು. ಇದರಿಂದ ಒಂದು ಇನ್ನೊಂದಕ್ಕೆ ಕಾರಣ ಅಂತ ಸಾಬೀತಾಗೋದಿಲ್ಲ, ಅದನ್ನೂ ಹೇಳಿಬಿಡ್ತೀವಿ. ಆದರೆ ಗಮನಿಸಬೇಕಾದ್ದು ಎಲ್ಲಿ ಅನ್ನೋದು ಗೊತ್ತಾಯ್ತು. ಸಿಟ್ಟು ಬರುವುದೇ ದೊಡ್ಡ ಸಮಸ್ಯೆ ಅಲ್ಲ, ಅದನ್ನು ರಾತ್ರಿ ದಾಟಿಸಿ ಮರುದಿನಕ್ಕೆ ಹೊತ್ತುಕೊಂಡು ಹೋಗುವುದು ಸಮಸ್ಯೆ.

ಈಗ ಮತ್ತೆ ಆ ಬೋರ್ಡಿಗೆ ಬರೋಣ. ‘ತಡ’ ಅಂತ ಮಾತ್ರ ಇತ್ತು ಅಂದ್ವಲ್ಲ. “ಇಪ್ಪತ್ತನಾಲ್ಕು ನಿಮಿಷ ತಡ” ಅಂತ ಮೊದಲೇ ಬರೆದಿದ್ದರೆ? ಗೆಳತಿ ಹೋಗಿ ಒಂದು ಕಾಫಿ ಕುಡೀತಿದ್ದರು. 2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 45 ಜನರಿಗೆ ಒಂದು ಕಂಪ್ಯೂಟರ್ ಆಟ ಕೊಟ್ಟರು. ಪರದೆಯ ಮೇಲಿನ ಬಂಡೆಯ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ವಿದ್ಯುತ್ ಶಾಕ್. ಬೆವರು ಮತ್ತು ಕಣ್ಣಿನ ಪಾಪೆಯ ಅಗಲ ಅಳೆದು ನೋಡಿದರೆ, ಒತ್ತಡ ತುದಿ ಮುಟ್ಟಿದ್ದು ಶಾಕ್ ಖಂಡಿತ ಅಂತ ಗೊತ್ತಿದ್ದಾಗ ಅಲ್ಲ, ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ. ಕೆಟ್ಟದ್ದು ಆಗೇ ಆಗುತ್ತೆ ಅನ್ನೋದಕ್ಕಿಂತ, ಆಗುತ್ತೋ ಇಲ್ವೋ ಅನ್ನೋದೇ ಹೆಚ್ಚು ಕಾಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲೇ ಮೊದಲ ಉಪಾಯ ಇದೆ: ಅನಿಶ್ಚಿತತೆಗೆ ನೀವೇ ಒಂದು ಗಡಿ ಹಾಕಿ. “ಇಪ್ಪತ್ತು ನಿಮಿಷ ಕಾಯ್ತೀನಿ. ಬರದಿದ್ದರೆ ಮನೆಗೆ ಹೋಗಿ ಲ್ಯಾಪ್‌ಟಾಪಿನಲ್ಲೇ ಮೀಟಿಂಗ್ ಸೇರ್ತೀನಿ. ಈಗಲೇ ಒಂದು ಮೆಸೇಜ್ ಹಾಕ್ತೀನಿ.” ರೈಲು ನಿಮ್ಮ ಕೈಯಲ್ಲಿಲ್ಲ, ಆದರೆ ನಿರ್ಧಾರ ನಿಮ್ಮ ಕೈಗೆ ಬಂತು. 1970ರ ಸುಮಾರಿಗೆ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಜನರನ್ನು ಕರ್ಕಶ ಸದ್ದಿನಲ್ಲಿ ಕೂರಿಸಿ ಕೆಲಸ ಕೊಟ್ಟಿದ್ದರು. ಕೆಲವರಿಗೆ ಸದ್ದು ನಿಲ್ಲಿಸುವ ಗುಂಡಿ ಕೊಟ್ಟು, ತೀರಾ ಅಗತ್ಯ ಇದ್ದರೆ ಮಾತ್ರ ಒತ್ತಿ ಅಂದಿದ್ದರು. ಹೆಚ್ಚಿನವರು ಒತ್ತಲಿಲ್ಲ. ಆದರೂ ಆಮೇಲಿನ ಕೆಲಸದಲ್ಲಿ ಅವರು ಹೆಚ್ಚು ತಾಳ್ಮೆ ತೋರಿದರು, ತಪ್ಪೂ ಕಡಿಮೆ ಮಾಡಿದರು. ಗುಂಡಿ ಇದೆ ಅನ್ನೋ ತಿಳಿವಳಿಕೆಯೇ ಸಾಕಾಗಿತ್ತು.

ಎರಡನೆಯದು, ಭಾವನೆಗೆ ಸರಿಯಾದ ಹೆಸರು. ನಾವು ಕನ್ನಡಿಗರು ಇತ್ತೀಚೆಗೆ ಎಲ್ಲದಕ್ಕೂ “ಟೆನ್ಷನ್” ಅಂತೀವಿ. ಪರೀಕ್ಷೆಯೂ ಟೆನ್ಷನ್, ಟ್ರಾಫಿಕ್ಕೂ ಟೆನ್ಷನ್, ಮಗನ ಮದುವೆಯೂ ಟೆನ್ಷನ್. ಆದರೆ ನಮ್ಮಲ್ಲಿ ಎಷ್ಟು ಪದಗಳಿವೆ! ಸಿಟ್ಟು, ಕಿರಿಕಿರಿ, ಬೇಸರ, ಕಳವಳ, ದಿಗಿಲು, ಅವಮಾನ, ಹೊಟ್ಟೆಕಿಚ್ಚು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಲಾಸ್ ಏಂಜಲೀಸ್‌ನಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ತೋರಿಸಿದ ಪ್ರಕಾರ, ಕೋಪದ ಅಥವಾ ಭಯದ ಮುಖಗಳನ್ನು ನೋಡಿದಾಗ ಆ ಭಾವನೆಗೆ ಪದ ಹುಡುಕಿದವರಲ್ಲಿ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆ ಇತ್ತು. ಅಮಿಗ್ಡಲಾ ಅಂದ್ರೆ ಮಿದುಳಿನ ಎಚ್ಚರಿಕೆ ಗಂಟೆ ಅಂತಿಟ್ಕೊಳ್ಳಿ. ನಮ್ಮ ಗೆಳತಿ ಯೋಚನೆ ಮಾಡಿದಾಗ, ಅವತ್ತು ಪ್ಲಾಟ್‌ಫಾರ್ಮಿನಲ್ಲಿ ಇದ್ದದ್ದು ಸಿಟ್ಟಲ್ಲ, ದಿಗಿಲು ಅಂತ ಗೊತ್ತಾಯ್ತು. ಎಲ್ಲರೂ ಕೂತ ಕೋಣೆಗೆ ತಡವಾಗಿ ಬಾಗಿಲು ತೆಗೆದು ಹೋಗುವ ದಿಗಿಲು. ಸಿಟ್ಟು ಅದರ ಮೇಲಿನ ಹೊದಿಕೆ.

ಮೂರನೆಯದು, ಉಸಿರು. ಉಸಿರು ಎಳೆಯುವಾಗ ಎದೆ ಬಡಿತ ತುಸು ಏರುತ್ತದೆ, ಬಿಡುವಾಗ ತುಸು ಇಳಿಯುತ್ತದೆ. ಇಳಿಸೋದು ವೇಗಸ್ ನರದ ಕೆಲಸ. ಹಾಗಾಗಿ ಎಳೆಯೋದಕ್ಕಿಂತ ಬಿಡೋದು ಉದ್ದ ಇರಲಿ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ನಡೆಸಿದ ಹೋಲಿಕೆಯಲ್ಲಿ, ಮೂಗಿನಿಂದ ಒಮ್ಮೆ ಎಳೆದು, ಮೇಲೆ ಇನ್ನೊಂದು ಚೂರು ಎಳೆದು, ಬಾಯಿಂದ ನಿಧಾನವಾಗಿ ಬಿಡುವ ಕ್ರಮ ಮನಸ್ಥಿತಿ ಸುಧಾರಿಸುವುದರಲ್ಲಿ ಧ್ಯಾನಕ್ಕಿಂತ ಮುಂದಿತ್ತು. ನಾವು ನಿಟ್ಟುಸಿರು ಅಂತೀವಲ್ಲ, ಹೆಚ್ಚುಕಡಿಮೆ ಅದೇ.

“ಸಿಟ್ಟನ್ನ ಹೊರಗೆ ಹಾಕಿಬಿಡಿ, ಹಗುರಾಗುತ್ತೆ” ಅಂತ ಹೇಳೋರು ಬಹಳ. 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಇದಕ್ಕೆ ವಿರುದ್ಧವಾಗಿದೆ. ದೇಹವನ್ನು ತಣಿಸುವ ಉಸಿರಾಟ, ಧ್ಯಾನ, ಯೋಗದಂಥವು ಸಿಟ್ಟನ್ನು ಇಳಿಸಿದವು. ದೇಹವನ್ನು ಇನ್ನಷ್ಟು ಕೆರಳಿಸುವಂಥವು ಒಟ್ಟಾರೆ ಇಳಿಸಲಿಲ್ಲ. ಒಬ್ಬ ಗೆಳೆಯನ ಹತ್ತಿರ ಒಮ್ಮೆ ಮನಸ್ಸು ಬಿಚ್ಚಿ ಮಾತಾಡೋದು ಬೇರೆ, ಹತ್ತು ಜನರ ಹತ್ತಿರ ಹತ್ತು ಸಲ ಸಿಟ್ಟನ್ನು ಬಿಸಿ ಮಾಡೋದು ಬೇರೆ.

ಒಂದು ಎಚ್ಚರಿಕೆ. ಬಿಟ್ಟುಬಿಡೋದು ಅಂದ್ರೆ ಎಲ್ಲವನ್ನೂ ಸಹಿಸಿಕೊಂಡು ಹೋಗೋದು ಅಲ್ಲ. ಟಿಕೆಟ್ ಹಣ ವಾಪಸ್ ಕೇಳುವ ಹಕ್ಕಿದ್ದರೆ ಅರ್ಜಿ ಹಾಕಿ, ಹಾಕಿದ ಮೇಲೆ ಆ ವಿಷಯ ಮುಚ್ಚಿ. ಯಾರಾದರೂ ಮೈಬಣ್ಣ ನೋಡಿ ಅವಮಾನ ಮಾಡಿದರೆ, ಮಾಲೀಕರು ಸಂಬಳ ಹಿಡಿದರೆ, ಅದು ಕಿರಿಕಿರಿ ಅಲ್ಲ, ಅನ್ಯಾಯ. ಅದಕ್ಕೆ ದೂರು ಬೇಕು, ನಿಟ್ಟುಸಿರಲ್ಲ. ಹಾಗೇ ವಾರಗಟ್ಟಲೆ ನಿದ್ದೆ ಬರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಒಬ್ಬರೇ ನುಂಗಿಕೊಳ್ಳಬೇಡಿ. ಇಂಗ್ಲೆಂಡಿನಲ್ಲಿರುವವರು ಜಿಪಿ ಬಳಿ ಹೋಗಬಹುದು, ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್ ಸೇವೆಗೆ ನೇರವಾಗಿಯೂ ಹೆಸರು ಕೊಡಬಹುದು. ಭಾರತದಲ್ಲಿರುವವರಿಗೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಗೆಳತಿ ಈಗೊಂದು ಅಭ್ಯಾಸ ಮಾಡಿಕೊಂಡಿದ್ದಾರೆ. ಸಂಜೆ ಮನೆ ಬಾಗಿಲಿಗೆ ಕೀಲಿ ಹಾಕುವ ಮೊದಲು ಅಲ್ಲೇ ನಿಂತು ಮೂರು ಸಲ ಉದ್ದ ಉಸಿರು ಬಿಡೋದು, ಮನಸ್ಸಿನಲ್ಲಿ ಏನಿದೆ ಅಂತ ಒಂದು ಕನ್ನಡ ಪದದಲ್ಲಿ ಹೇಳಿಕೊಳ್ಳೋದು. ದಿನಾ ಆಗಲ್ಲ, ಕೆಲವು ದಿನ ಮರೆತೇ ಹೋಗುತ್ತೆ ಅಂದರು. ಮೊನ್ನೆ ಒಳಗೆ ಹೋದ ತಕ್ಷಣ ಮಗಳನ್ನು ಕರೆದು, “ಪುಟ್ಟಿ, ಇವತ್ತೂ ರೈಲು ಲೇಟು. ಅಮ್ಮನಿಗೆ ಬೇಜಾರಾಗಿದೆ, ನಿನ್ನ ಮೇಲಲ್ಲ” ಅಂದರಂತೆ. ಅವಳು “ಹಾಗಾದ್ರೆ ಟೀ ಮಾಡ್ಲಾ?” ಅಂದಳಂತೆ. ಇನ್ನೂ ಗ್ಯಾಸ್ ಹಚ್ಚೋಕೆ ಬಿಡಲ್ಲ ಅವಳನ್ನ, ಅದು ಬೇರೆ ಮಾತು.

ಇವತ್ತು ನಿಮ್ಮನ್ನ ಕಾಡಿದ ಸಣ್ಣ ಕಿರಿಕಿರಿ ಯಾವುದು? ಮಲಗೋ ಮೊದಲು ಅದಕ್ಕೊಂದು ಹೆಸರಿಡಿ, ನಾಳೆಗೆ ಕಟ್ಟಿಕೊಂಡು ಹೋಗ್ತಿದ್ದೀರಾ ಅಂತ ಒಮ್ಮೆ ಕೇಳಿಕೊಳ್ಳಿ.