ಸಾಂಸ್ಕೃತಿಕ ಸ್ಮೃತಿ ಮತ್ತು ಜಾಗತೀಕರಣ: ಅಮಿತಾವ್ ಘೋಷ್ ಅವರ ಐಬಿಸ್ ಕಾದಂಬರಿಗಳು

ಭಾರತದಲ್ಲಿ ಜಾಗತೀಕರಣದ ಚರ್ಚೆ ಸಾಮಾನ್ಯವಾಗಿ 1991ರ ಆರ್ಥಿಕ ಉದಾರೀಕರಣದಿಂದ ಆರಂಭವಾಗುತ್ತದೆ. ಅಮಿತಾವ್ ಘೋಷ್ ಅವರ ‘ಸೀ ಆಫ್ ಪಾಪೀಸ್’ (2008), ‘ರಿವರ್ ಆಫ್ ಸ್ಮೋಕ್’ (2011) ಹಾಗೂ ‘ಫ್ಲಡ್ ಆಫ್ ಫೈರ್’ (2015) ಕಾದಂಬರಿಗಳು ಈ ಕಾಲಗಣನೆಯನ್ನೇ ಪ್ರಶ್ನಿಸುತ್ತವೆ. ಇವುಗಳ ಕಥೆ ತೊಡಗುವುದು 1838ರಲ್ಲಿ. ಗಂಗಾ ಬಯಲಿನ ರೈತರು ಆಹಾರಧಾನ್ಯವನ್ನು ಬಿಟ್ಟು ಗಸಗಸೆ ಬೆಳೆಯಬೇಕಾಗುತ್ತದೆ. ಗಾಜೀಪುರದ ಕಾರ್ಖಾನೆಯಲ್ಲಿ ಸಿದ್ಧವಾದ ಅಫೀಮು ಚೀನಾಕ್ಕೆ ಸಾಗುತ್ತದೆ. ನೆಲೆ ತಪ್ಪಿದವರು ಕರಾರು ಕೂಲಿಗಳಾಗಿ ಮಾರಿಷಸ್‌ಗೆ ಹೊರಡುತ್ತಾರೆ. ಅವರನ್ನು ಒಯ್ಯುವ ಐಬಿಸ್ ಹಡಗು ಹಿಂದೆ ಗುಲಾಮರನ್ನು ಸಾಗಿಸಿದ್ದು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದತಿ ಕಾಯ್ದೆ ಜಾರಿಗೆ ಬಂದ 1834ರಲ್ಲಿಯೇ ಮಾರಿಷಸ್‌ಗೆ ಕರಾರು ಕೂಲಿಗಳ ವ್ಯವಸ್ಥಿತ ವಲಸೆ ಆರಂಭವಾದ ಚರಿತ್ರೆಯನ್ನು ಈ ವಿವರ ಸೂಚಿಸುತ್ತದೆ.

ಸರಕಿನ ಲೆಕ್ಕವೂ ಕೂಲಿಗಳ ಹೆಸರುಗಳೂ ವಸಾಹತುಶಾಹಿಯ ದಫ್ತರಗಳಲ್ಲಿವೆ. ಹಡಗೇರಿದವರ ನೆನಪುಗಳಿಗೆ ಅಲ್ಲಿ ಎಡೆಯಿಲ್ಲ. ಈ ಕೊರತೆಗೆ ಘೋಷ್ ನೀಡುವ ಉತ್ತರವೇ ದೀತಿಯ ಪಾತ್ರ. ಗಾಜೀಪುರದ ಬಳಿಯ ಹಳ್ಳಿಯ ಈ ಹೆಣ್ಣು ತನ್ನವರನ್ನು ಬರಹದಲ್ಲಲ್ಲ, ಚಿತ್ರಗಳಲ್ಲಿ ಉಳಿಸಿಕೊಳ್ಳುತ್ತಾಳೆ. ಎರಡನೆಯ ಕಾದಂಬರಿಯ ಆರಂಭದಲ್ಲಿ ಮಾರಿಷಸ್‌ನ ಬಂಡೆಯೊಳಗಿನ ಅಂಥ ಚಿತ್ರಗಳು ಅವಳ ವಂಶದವರಿಗೆ ಪೂಜ್ಯ ಸ್ಥಳವಾಗಿವೆ. ಆದರೆ ಈ ಸ್ಮೃತಿ ಊರಿನ ಯಥಾಪ್ರತಿಯಲ್ಲ. ಜಾತಿ ಬೇರೆಯಾದವರು ಹಡಗಿನಲ್ಲಿ ‘ಜಹಾಜ್ ಭಾಯಿ’, ‘ಜಹಾಜ್ ಬಹೆನ್’ ಎಂಬ ಹೊಸ ಬಂಧುತ್ವವನ್ನು ಕಟ್ಟಿಕೊಳ್ಳುತ್ತಾರೆ.

ಭಾಷೆಯಲ್ಲೂ ಇದೇ ಪ್ರಕ್ರಿಯೆ ನಡೆಯುತ್ತದೆ. ಭೋಜಪುರಿ ನುಡಿಗಳೂ ನಾವಿಕರಾದ ಲಸ್ಕರರ ಬೆರಕೆ ಮಾತೂ ಘೋಷ್ ಅವರ ಇಂಗ್ಲಿಷಿನೊಳಗೆ ಬಹುಮಟ್ಟಿಗೆ ಅನುವಾದಗೊಳ್ಳದೆಯೇ ಉಳಿಯುತ್ತವೆ. ಸಾಮ್ರಾಜ್ಯವು ಲೆಕ್ಕವಿಟ್ಟ ಭಾಷೆಯಲ್ಲಿಯೇ ಲೆಕ್ಕಕ್ಕೆ ಸಿಗದವರ ನೆನಪು ದಾಖಲಾಗುವುದು ಈ ಕಾದಂಬರಿಗಳ ಮುಖ್ಯ ಸಾಧನೆ.